ತೊಟ್ಟಿಲಿಗೆ ಹಾಕಿದ ಸಂಶೋಧನೆ

ಸಾನ್ವಿ, ಪ್ರಜ್ವಲ, ಇಬ್ಬರೂ ಕುಳಿತು ಓದಿ. ನಿಮ್ಮ ಅವ್ವ ಶೈಲಾ ಕಾಲೇಜಿನಲ್ಲಿ ಪೆಟ್ರೋಲಿಯಂ ಎಂಜಿನಿಯರಿಂಗ್ ಕಲಿಸುವ ಪ್ರೊಫೆಸರ್ ಎಂದು ಊರಿಗೆಲ್ಲ ಗೊತ್ತು. ಅವಳ ಸಂಶೋಧನೆಗೆ ನಿಮ್ಮ ಅಜ್ಜಿಯಾದ ನಾನೂ ಕೈ ಹಚ್ಚಿದ್ದೇನೆ ಎಂಬುದು ನಿಮಗೆ ಗೊತ್ತಿರಲಿಕ್ಕಿಲ್ಲ. ಎರಡೂ ಕೈ ಹಚ್ಚಿದ್ದೇನೆ!

ಪ್ರಜ್ವಲ, ನೀನು ಹುಟ್ಟಿದಾಗ ಅವಳು ಬಾಣಂತನಕ್ಕೆ ತವರೂರು ತೇರಗಾಂವಕ್ಕೆ ಬಂದಿದ್ದಳು. ಹೆಸರಿಡುವ ದಿನ ತೊಟ್ಟಿಲಿಗೆ ಕೂಸಿಗಿಂತ ಮೊದಲು ಗುಂಡುಕಲ್ಲು ಹಾಕುವುದು ನಮ್ಮ ಪದ್ಧತಿ. ಖಾರ ಅರೆಯುವ ಆ ಕಲ್ಲಿಗೆ ಎಣ್ಣೆ ಹಚ್ಚಿ, ವಿಭೂತಿ ಇಟ್ಟು, ಕೂಸಿನ ಕುಂಚಿಗೆ ತೊಡಿಸಿ ಮಲಗಿಸುತ್ತೇವೆ, ಕೂಸೂ ಹಾಗೇ ಗಟ್ಟಿಯಾಗಲಿ ಎಂದು. ಆದರೆ ಮಿಕ್ಸಿ ಬಂದ ಮೇಲೆ ನಮ್ಮ ಗುಂಡುಕಲ್ಲು ಎಲ್ಲಿ ಹೋಯಿತೋ! ನೆರೆಮನೆಯ ಗಂಗಕ್ಕ ಬಂದ ಹೆಂಗಸರೆಲ್ಲರ ಮುಂದೆ, "ಅಜ್ಜಿ ಆದಿ, ಮನ್ಯಾಗ ಒಂದು ಗುಂಡಕಲ್ಲಿಲ್ಲೇನ?" ಎಂದಳು. ನಿಮ್ಮ ಅಜ್ಜ ಇದ್ದಿದ್ದರೆ ತಕ್ಕ ಉತ್ತರ ಕೊಡುತ್ತಿದ್ದರು. ನಾಲ್ಕು ಜನರೆದುರು ಬಾಯಿ ಬಿಡಲು ನಾಚುವ ನಾನು ಒಳಗೆ ಓಡಿದೆ.

ಶೈಲಾಳ ಪೆಟ್ಟಿಗೆಯಲ್ಲಿ, ಮೆತ್ತನೆಯ ಅರಿವೆಯಲ್ಲಿ ಸುತ್ತಿಟ್ಟ ಗೇಣುದ್ದದ ದುಂಡನೆ ಕಲ್ಲು ಸಿಕ್ಕಿತು. ತವರಲ್ಲಿ ಇಲ್ಲವೆಂದು ತಿಳಿದು ತಾನೇ ತಂದಿದ್ದಾಳೆ, ಎಂಥ ಜಾಣ ಮಗಳು ಎಂದು ನನಗೆ ಕಣ್ಣು ತುಂಬಿ ಬಂತು. ಗಂಗಕ್ಕ ಬೊಗಸೆ ಶೇಂಗಾ ಎಣ್ಣೆ ಸುರಿದು ತಿಕ್ಕಿದಳು. ಎಷ್ಟು ಹಚ್ಚಿದರೂ ಕಲ್ಲು ಕುಡಿಯುತ್ತಲೇ ಇತ್ತು. "ಭಾಳ ಹಸದೈತಿ" ಎಂದು ಇನ್ನಷ್ಟು ಸುರಿದು ತೊಟ್ಟಿಲಲ್ಲಿ ಮಲಗಿಸಿದಳು.

ಕೂಸನ್ನೆತ್ತಿಕೊಂಡು ಹೊರಬಂದ ಶೈಲಾ ತೊಟ್ಟಿಲೊಳಗೆ ನೋಡಿ ನಿಂತಲ್ಲೇ ನಿಂತಳು.

"ಅವ್ವಾ, ಇದು ಎಣ್ಣಿ ಬಾವಿಯೊಳಗಿಂದ ಕೊರದು ತಗದ ಕಲ್ಲು. ಇದರಾಗ ಎಣ್ಣಿ ಎಷ್ಟೈತಿ ಅಂತ ನಾ ಅಳೀಬೇಕಾಗಿತ್ತು."

"ಈಗ ಭರಪೂರ ಐತಿ ಬಿಡವಾ" ಎಂದಳು ಗಂಗಕ್ಕ.

ಮಗಳ ಸಂಶೋಧನೆಯೆಲ್ಲ ಆ ಒಂದೇ ಕಲ್ಲಿನ ಮೇಲೆ ನಿಂತಿತ್ತಂತೆ. ಕೆಡಿಸಿದವಳೇ ಸರಿಪಡಿಸತಕ್ಕದ್ದು ಎಂಬ ಘನ ನಿರ್ಧಾರ ಕೈಗೊಂಡು, ಎಲ್ಲರೂ ಹೋಳಿಗೆ ಉಣ್ಣುವಾಗ ಕಲ್ಲನ್ನು ಬಚ್ಚಲಿಗೆ ಒಯ್ದೆ. ಕುದಿನೀರು ಸುರಿದೆ. ಶೀಗೆಕಾಯಿ ಹಾಕಿ ತಿಕ್ಕಿದೆ. ಕೂಸಿಗೆ ಕಾಸುವ ಅಗ್ಗಿಷ್ಟಿಗೆಯ ಮೇಲೆ ಒಣಗಲು ಇಟ್ಟೆ. ಫಟ್ ಎಂದಿತು. ಎರಡು ಹೋಳು!

ಹೋಳುಗಳನ್ನು ಸೆರಗಿನಲ್ಲಿ ತಂದು ಮುಂದಿಟ್ಟಾಗ ಶೈಲಾ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ತಾಟು ಸರಿಸಿ, ಹೋಳುಗಳನ್ನು ಅದೇ ಅರಿವೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟಳು. ಆಮೇಲೆ ಯಾರ್‍ಯಾರನ್ನೋ ಬೇಡಿ ಬೇರೆ ಕಲ್ಲು ತರಿಸಿ, ಎಲ್ಲ ಕೆಲಸ ಮೊದಲಿನಿಂದ ಮಾಡಿ ಮುಗಿಸಿದಳು. ಅಲ್ಲಿಯವರೆಗೆ ನನಗೆ ಸರಿಯಾಗಿ ನಿದ್ದೆ ಹತ್ತಲಿಲ್ಲ.

ಹೋದ ವರ್ಷ ತನ್ನ ಪಾಠ ಕೇಳು ಬಾ ಎಂದು ನನ್ನನ್ನು ಕಾಲೇಜಿಗೆ ಕರೆದೊಯ್ದಳು. ಹಿಂದಿನ ಬೆಂಚಿನಲ್ಲಿ ಮುದುಡಿ ಕುಳಿತೆ. ಕಲ್ಲಿನ ಮಾದರಿ ಹೇಗೆಲ್ಲ ಕೆಡುತ್ತದೆ ಎಂಬುದೇ ಪ್ರತಿ ವರ್ಷ ಅವಳ ಮೊದಲ ಪಾಠವಂತೆ. ಹೊರಗಿನ ಎಣ್ಣೆ ತಾಗಬಾರದು, ನೀರು ತಾಗಬಾರದು, ಬೆಂಕಿ ತಾಗಬಾರದು ಎಂದು ಹೇಳಿ ಅದೇ ಎರಡು ಹೋಳು ಎತ್ತಿ ತೋರಿಸಿದಳು.

"ಇಷ್ಟೂ ಒಂದ ದಿನದಾಗ ಮಾಡಿದಾಕಿ ನಮ್ಮವ್ವ. ಅಲ್ಲಿ ಕುಂತಾಳ ನೋಡ್ರಿ" ಎಂದು ನಕ್ಕಳು.

ಇಡೀ ತರಗತಿ ಹಿಂದಕ್ಕೆ ಹೊರಳಿತು. ನಾನು ಸೆರಗನ್ನು ಮೂಗಿನವರೆಗೆ ಎಳೆದುಕೊಂಡೆ. ಹಳ್ಳಿ ಶಾಲೆಯನ್ನು ಅರ್ಧಕ್ಕೇ ಬಿಟ್ಟವಳು ಎಂಜಿನಿಯರಿಂಗ್ ಪಾಠವೇ ಆಗಿಬಿಟ್ಟಿದ್ದೆ. ಹೇಗೆ ಮಾಡಬಾರದು ಎಂಬ ಪಾಠ!

ಮಕ್ಕಳೇ, ಈ ಹಾಳೆಗಳನ್ನು ನೀವೇ ಜೋಪಾನವಾಗಿ ಇಟ್ಟುಕೊಳ್ಳಿ. ಜೋಪಾನ ಮಾಡುವ ಕೆಲಸವನ್ನು ನನಗೆ ಮಾತ್ರ ಹಚ್ಚಬೇಡಿ.