ವಿದೇಶಿ ವಿದ್ಯಾರ್ಥಿಗಳು: ಒಂದು

ಸರಕಾರಿ ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡುವವನು ತಮಾಷೆಯನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ವರ್ಷಕ್ಕೊಮ್ಮೆ ಅದು ಸುತ್ತೋಲೆಯಾಗಿ ತಾನೇ ಬರುತ್ತದೆ, ‘ಮೂರು ದಿನದೊಳಗೆ ಉತ್ತರಿಸಿ’ ಎಂಬ ಷರಾ ಹೊತ್ತುಕೊಂಡು. ನಾನು ಶಿರಸಿಯ ಒಂದು ಸ್ನಾತಕೋತ್ತರ ಕೇಂದ್ರದಲ್ಲಿ ಮೇಷ್ಟ್ರು. ಕಂಪ್ಯೂಟರ್ ಬರುತ್ತದೆ ಎಂಬ ಒಂದೇ ಅಪರಾಧಕ್ಕೆ ರ‍್ಯಾಂಕಿಂಗ್ ಕೆಲಸವೂ ನನ್ನ ತಲೆಗೆ ಬಿತ್ತು. ಇಲ್ಲಿ ಹೇಳುವುದರಲ್ಲಿ ಕೊನೆಯದು ಎಲ್ಲಕ್ಕಿಂತ ತಮಾಷೆಯದು, ಆದರೆ ಅದನ್ನು ಹೇಳುವಾಗ ನನಗೆ ನಗು ಬರುವುದಿಲ್ಲ.

೧. ಸರೀಕರು

ನಮ್ಮ ವಿಶ್ವವಿದ್ಯಾಲಯವನ್ನು ಸರೀಕ ವಿಶ್ವವಿದ್ಯಾಲಯವೊಂದಕ್ಕೆ ಹೋಲಿಸಿ ತಖ್ತೆ ಕಳಿಸಬೇಕೆಂದು ಮುಖ್ಯ ಕಚೇರಿಯಿಂದ ಆದೇಶ ಬಂತು. ನಮ್ಮ ಕೇಂದ್ರದ ನಿರ್ದೇಶಕರು ಸಿದ್ದಾಪುರದವರು, ಅನುಭವಸ್ಥರು. ಹೋಲಿಸುವುದಾದರೆ ನಮಗಿಂತ ಕೆಳಗಿರುವವರನ್ನೇ ಹುಡುಕು ಎಂದರು. ಎರಡು ದಿನ ಹುಡುಕಿದೆ. ಕೊನೆಗೆ ಬಯಲುಸೀಮೆಯದೊಂದು ಸಿಕ್ಕಿತು. ಅಂಕಿ ಅಂಶ ಕೇಳೋಣವೆಂದು ಫೋನು ಮಾಡಿದರೆ, ಅಲ್ಲಿ ನನ್ನದೇ ಕೆಲಸ ಮಾಡುವ ಮೇಷ್ಟ್ರು ಹೇಳಿದರು:

“ಬ್ಯಾಸರ ಮಾಡ್ಕೋಬ್ಯಾಡ್ರಿ ಸರ್. ನಮ್ಮ ತಖ್ತೆ ನಿನ್ನೇನೇ ಹೋತು. ನಾವು ನಿಮಗ ಹೋಲಿಸೇವಿ.”

ಒಂದು ಪಟ್ಟಿಯಲ್ಲಿ ಅವರು ನಮಗಿಂತ ಕೆಳಗೆ, ಇನ್ನೊಂದರಲ್ಲಿ ನಾವು ಅವರಿಗಿಂತ ಕೆಳಗೆ. ಇಬ್ಬರೂ ತಮಗೆ ಬೇಕಾದ ಪಟ್ಟಿ ಹಿಡಿದುಕೊಂಡು ಗೆದ್ದಿದ್ದೆವು.

೨. ಹೊರಗಿನವರು

ಮುಂದಿನ ಸುತ್ತೋಲೆ ವಿದ್ಯಾರ್ಥಿ ವೈವಿಧ್ಯದ್ದು. ಹೊರರಾಜ್ಯದವರು ಎಷ್ಟು, ಹೊರದೇಶದವರು ಎಷ್ಟು? ವೈವಿಧ್ಯ ಕಡಿಮೆಯಿರುವ ಕೇಂದ್ರಗಳನ್ನು ಮುಚ್ಚಿ ಮುಖ್ಯ ಆವರಣಕ್ಕೆ ಸೇರಿಸುವ ವಿಚಾರ ಇದೆಯೆಂದು ಕೆಳಗೆ ಒಂದು ಸಾಲು. ಆ ಸಾಲು ಓದಿ ನಿರ್ದೇಶಕರು ತಾವೇ ತರಗತಿಗೆ ಹೋಗಿ, ಹೊರಗಿನವರು ಯಾರಿದ್ದೀರಿ ಕೈ ಎತ್ತಿ ಎಂದರು. ಮೂರು ಕೈ ಎದ್ದವು. ಒಬ್ಬ ಪಕ್ಕದ ತಾಲೂಕು ಸಿದ್ದಾಪುರದವನು, ಒಬ್ಬಳು ಇನ್ನೊಂದು ಪಕ್ಕದ ಯಲ್ಲಾಪುರದವಳು. ಮೂರನೆಯವನು, ಶಿರಸಿಗೇ ಹತ್ತಿರದ ಹುಲೇಕಲ್ ಲೆಕ್ಕಕ್ಕೆ ಬರುತ್ತದೆಯೇ ಎಂದು ಕೇಳಲು ಎತ್ತಿದ್ದ.

ವೈವಿಧ್ಯ ಇರಲಿಲ್ಲವೆಂದಲ್ಲ. ತೋಟದವರ ಮಕ್ಕಳು, ಅದೇ ತೋಟಕ್ಕೆ ಕೆಲಸಕ್ಕೆ ಹೋಗುವವರ ಮಕ್ಕಳು, ಮನೆಯಲ್ಲಿ ಕೊಂಕಣಿಯನ್ನೋ ಉರ್ದುವನ್ನೋ ಆಡುವವರು ಎಲ್ಲ ಒಂದೇ ಬೆಂಚಿನಲ್ಲಿ ಕೂತಿದ್ದರು. ಅದಕ್ಕೆ ತಖ್ತೆಯಲ್ಲಿ ಕಲಂ ಇರಲಿಲ್ಲ. ಸೊನ್ನೆ ಬರೆದು ಕಳಿಸಿದೆ.

೩. ತಜ್ಞರ ಕಣ್ಣು

ಸೊನ್ನೆ ನೋಡಿ ಪರಿಶೀಲನಾ ತಂಡವೇ ಬಂತು. ತಂಡದ ಅಧ್ಯಕ್ಷರು ಉತ್ತರದವರು, ಕನ್ನಡ ಬಾರದು. ಗ್ರಂಥಾಲಯದಲ್ಲಿ ಎಂ.ಎ. ಎರಡನೇ ವರ್ಷದ ಒಬ್ಬ ಹುಡುಗಿ ಓದುತ್ತಿದ್ದಳು. ಹಿಂದೆ ಕೈ ಎತ್ತಿದ್ದ ಯಲ್ಲಾಪುರದವಳು ಇವಳೇ. ಅವಳು ಸಿದ್ದಿ ಸಮುದಾಯದವಳು. ಅವಳ ಹಿರಿಯರು ಎಷ್ಟೋ ತಲೆಮಾರಿನ ಹಿಂದೆ ಆಫ್ರಿಕಾದಿಂದ ಬಂದವರಂತೆ. ಅಧ್ಯಕ್ಷರು ಅವಳ ಬಣ್ಣ, ಗುಂಗುರು ಕೂದಲು ನೋಡಿ ಅರಳಿದರು. ನಮ್ಮ ದೇಶಕ್ಕೆ ಬಂದು ಎಷ್ಟು ದಿನವಾಯಿತು ಎಂದು ಇಂಗ್ಲಿಷಿನಲ್ಲಿ ಕೇಳಿದರು.

“ನಾ ಯಲ್ಲಾಪುರದ ಉಮ್ಮಚಗಿ ಬದಿಯವಳು ಸರ್,” ಎಂದಳು ಅವಳು.

ಇಷ್ಟು ಬೇಗ ಸ್ಥಳೀಯ ಭಾಷೆ ಕಲಿತಿದ್ದಾಳೆ ಎಂದು ಅಧ್ಯಕ್ಷರು ನಮ್ಮನ್ನು ಅಭಿನಂದಿಸಿದರು. ವರದಿಯಲ್ಲಿ ವಿದೇಶಿ ವಿದ್ಯಾರ್ಥಿಗಳು ಒಂದು ಎಂದು ಬರೆದುಕೊಂಡರು. ನಿರ್ದೇಶಕರು ಹೌದೆಂಬಂತೆ ತಲೆಯಾಡಿಸಿದರು, ನಾನು ನೆಲ ನೋಡಿದೆ. ಅವರ ಕಾರು ಹೋದ ಮೇಲೆ ನಿರ್ದೇಶಕರು ನನ್ನನ್ನು ಪಕ್ಕಕ್ಕೆ ಕರೆದು ನಮ್ಮಿಬ್ಬರ ಮನೆಮಾತಿನಲ್ಲಿ ಹೇಳಿದರು:

“ಆನು ಸುಳ್ಳು ಹೇಳಿದ್ನಿಲ್ಲೆ. ಅವು ಕೇಳಿದ್ವಿಲ್ಲೆ, ಆನು ಹೇಳಿದ್ನಿಲ್ಲೆ.”

ನಮ್ಮ ಜಾತಿಯ ಹಿರಿಯರನ್ನೂ ಎಂದೋ ಬನವಾಸಿಯ ಅರಸ ಉತ್ತರದಿಂದ ಕರೆಸಿಕೊಂಡ ಎಂದು ನಾವಿಬ್ಬರೂ ಹೆಮ್ಮೆಯಿಂದ ಹೇಳಿಕೊಳ್ಳುವವರೇ. ನಮ್ಮ ಪಾಸ್‌ಪೋರ್ಟನ್ನು ಮಾತ್ರ ಈವರೆಗೆ ಯಾರೂ ಕೇಳಿಲ್ಲ.

೪. ತಿದ್ದುಪಡಿ

ವರದಿಗೆ ತಕ್ಕಂತೆ ತಖ್ತೆಯಲ್ಲಿ ಅವಳ ಹೆಸರು ತುಂಬಿ ಕಳಿಸಿದೆವು. ಕೇಂದ್ರ ಉಳಿಯಿತು. ರ‍್ಯಾಂಕ್ ಇದ್ದಲ್ಲೇ ಇತ್ತು, ಏಕೆಂದರೆ ಆ ಬಯಲುಸೀಮೆಯ ಸರೀಕರಿಗೆ ಇಬ್ಬರು ವಿದೇಶಿಯರು ಸಿಕ್ಕಿದ್ದರು. ಎಲ್ಲಿಂದ ಸಿಕ್ಕರು ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಎರಡು ತಿಂಗಳಿಗೆ ಆ ಹುಡುಗಿ ನನ್ನ ಕೋಣೆಗೆ ಬಂದಳು. ಬುಡಕಟ್ಟಿನವರಿಗೆ ಸಿಗುವ ವಿದ್ಯಾರ್ಥಿವೇತನ, ಹಾಸ್ಟೆಲ್ ಎರಡೂ ರದ್ದಾಗಿದ್ದವು. ವಿದೇಶಿ ಪ್ರಜೆಗೆ ಇವು ಇಲ್ಲವೆಂದು ಕಂಪ್ಯೂಟರ್ ಹೇಳಿತ್ತಂತೆ. ಅವಳ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವಳು ಅವಳೊಬ್ಬಳೇ. ಇವೆರಡು ಇಲ್ಲದಿದ್ದರೆ ಓದು ಅಲ್ಲಿಗೇ ನಿಲ್ಲುತ್ತಿತ್ತು.

ಅದೇ ದಿನ ಮುಖ್ಯ ಕಚೇರಿಗೆ ಬರೆದೆ. ಅವಳ ಜಾತಿ ಪ್ರಮಾಣಪತ್ರ, ಅಜ್ಜಿಯ ರೇಶನ್ ಕಾರ್ಡು ಎಲ್ಲ ಲಗತ್ತಿಸಿದೆ. ಉತ್ತರ ಬೇಗ ಬಂತು. ಒಮ್ಮೆ ಸಲ್ಲಿಸಿದ ಮಾಹಿತಿಯನ್ನು ಈಗ ತಿದ್ದಿದರೆ ವಿಶ್ವವಿದ್ಯಾಲಯ ಸುಳ್ಳು ಹೇಳಿದಂತಾಗುತ್ತದೆ. ಆದ್ದರಿಂದ ಸದರಿ ವಿದ್ಯಾರ್ಥಿನಿಯು ತಾನು ತನ್ನ ದೇಶದ ಪ್ರಜೆಯಲ್ಲವೆಂದು ಆ ದೇಶದ ರಾಯಭಾರ ಕಚೇರಿಯಿಂದ ಪತ್ರ ತರತಕ್ಕದ್ದು. ಯಾವ ದೇಶ ಎಂಬ ಕಲಮನ್ನು ನಾವು ಖಾಲಿ ಬಿಟ್ಟಿದ್ದೆವು.

೫. ಅಭಿಪ್ರಾಯ

ಅವಳು ಪರೀಕ್ಷೆಗೆ ಕೂರಲಿಲ್ಲ. ಯಲ್ಲಾಪುರದ ಬಟ್ಟೆ ಅಂಗಡಿಯೊಂದಕ್ಕೆ ಸೇರಿದಳೆಂದು ತಿಳಿಯಿತು. ಒಂದು ಮಾತು ಅಂದು ಬಾಯಿಬಿಟ್ಟು ಆಡಿದ್ದರೆ ಸಾಕಿತ್ತು ಎಂದು ನನಗೆ ದಿನಾ ಅನಿಸುತ್ತಿತ್ತು. ಹಾಗೆ ಅನಿಸುವುದರಿಂದ ಅವಳಿಗೇನೂ ಆಗಲಿಲ್ಲ.

ಮರುವರ್ಷ ಹೊಸ ನಮೂನೆ ಬಂತು. ವಿದೇಶಿ ವಿದ್ಯಾರ್ಥಿಗಳು ಕೇಂದ್ರ ಬಿಟ್ಟಿದ್ದರೂ ಅವರ ಅಭಿಪ್ರಾಯ ಪಡೆದು ಕಳಿಸುವುದು, ಸಹಿ ಕಡ್ಡಾಯ. ನಾಚಿಕೆ ಬಿಟ್ಟು ಯಲ್ಲಾಪುರದ ಬಸ್ಸು ಹತ್ತಿದೆ. ನಮೂನೆಗಿಂತ ಹೆಚ್ಚಾಗಿ, ತಪ್ಪಾಯಿತು ಎಂದು ಹೇಳುವುದಿತ್ತು.

ಅದನ್ನು ಹೇಳಿದೆ. ಅವಳು ಸೀರೆ ಮಡಚುತ್ತ ಕೇಳಿಸಿಕೊಂಡಳು. ಕುರ್ಚಿ ಕೊಟ್ಟಳು, ಚಾ ತರಿಸಿದಳು. ಆಮೇಲೆ, ಬ್ಯಾಗಿನಿಂದ ಇಣುಕುತ್ತಿದ್ದ ಕಾಗದ ಎಂತದು ಎಂದು ಅವಳೇ ಕೇಳಿ ಇಸಿದುಕೊಂಡಳು. ಊಟ ಹೇಗಿತ್ತು, ಹವೆ ಒಗ್ಗಿತೇ ಎಂಬವಕ್ಕೆಲ್ಲ ಸರಸರ ಗುರುತು ಹಾಕಿದಳು. ಕೊನೆಯ ಪ್ರಶ್ನೆಗೆ ಪೆನ್ನು ನಿಂತಿತು: ‘ಈ ದೇಶ ನಿಮ್ಮದೇ ಎಂದು ನಿಮಗೆ ಅನ್ನಿಸಿತೇ? ಹೌದು / ಇಲ್ಲ.’

“ಎರಡೇ ಅದೆ ಸರ್,” ಎಂದಳು. “‘ಮೊದಲು ಅನ್ನಿಸ್ತಿತ್ತು’ ಅಂತ ಬರೆಯೂಕೆ ಜಾಗ ಇಲ್ಲ.”