ಕಮಲಾಪುರಕ್ಕೆ ಒಬ್ಬಳೇ

ಪ್ರಯಾಣ ಮಾಡುವವರಲ್ಲಿ ಎರಡು ಬಗೆ. ಕರೆದುಕೊಂಡು ಹೋಗುವವರು ಒಂದು, ಅವರ ಹಿಂದೆ ಹೋಗುವವರು ಇನ್ನೊಂದು. ನಾನು ಹುಟ್ಟಿದಾಗಿನಿಂದ ಎರಡನೇ ಬಗೆಯವಳು. ಮದುವೆಗೆ ಮುಂಚೆ ಅಪ್ಪನ ಹಿಂದೆ ಹೋದೆ, ಮದುವೆಯಾದ ಮೇಲೆ ನಮ್ಮ ಮನೆಯವರ ಹಿಂದೆ. ಹಾಗಂತ ನಾನು ಊರು ನೋಡದವಳೇನಲ್ಲ. ಶ್ರೀಶೈಲ, ಪಂಢರಪುರ, ಕಾಶಿ ಎಲ್ಲ ಆಗಿವೆ. ಆದರೆ ಕಾಶಿಗೆ ಯಾವ ರೈಲಿನಲ್ಲಿ ಹೋದಿರಿ, ಎಲ್ಲಿ ಗಾಡಿ ಬದಲಿಸಿದಿರಿ ಎಂದು ಯಾರಾದರೂ ಕೇಳಿದರೆ ನನ್ನ ಬಾಯಿ ಕಟ್ಟುತ್ತದೆ. ನನಗೆ ನೆನಪಿರುವುದು ಮುಂದೆ ಮುಂದೆ ಹೋಗುತ್ತಿದ್ದ ನಮ್ಮ ಮನೆಯವರ ಬಿಳಿ ಅಂಗಿಯ ಬೆನ್ನು. ಆ ಬೆನ್ನನ್ನು ನಂಬಿಕೊಂಡೇ ನಾನು ಅರ್ಧ ದೇಶ ತಿರುಗಿದ್ದೇನೆ. ಒಮ್ಮೆ ಸೊಲ್ಲಾಪುರದ ರೈಲು ನಿಲ್ದಾಣದಲ್ಲಿ ಅಂಥದೇ ಇನ್ನೊಂದು ಬೆನ್ನಿನ ಹಿಂದೆ ನಿಶ್ಚಿಂತೆಯಿಂದ ನಡೆದುಬಿಟ್ಟಿದ್ದೆ. ಅದು ಸಂಶಯದಿಂದ ಹಿಂತಿರುಗಿ, ನಿಮಗೇನು ಬೇಕು ತಾಯಿ ಎಂದು ಮರಾಠಿಯಲ್ಲಿ ಕೇಳಿದಾಗಲೇ ನನಗೆ ಎಚ್ಚರವಾದದ್ದು.

ಇಂಥ ಪ್ರಯಾಣದಲ್ಲಿ ಸುಖವಿಲ್ಲವೆಂದು ಹೇಳಲಾರೆ. ನಮ್ಮ ಕುಟುಂಬ ಹೊರಟಿತೆಂದರೆ ನನ್ನ ಪಾಲಿಗೆ ಎರಡೇ ಕೆಲಸ: ಕಟ್ಟಿಕೊಂಡ ಬುತ್ತಿ ಬಿಚ್ಚಿ ಎಲ್ಲರಿಗೂ ಹಂಚುವುದು, ಆಮೇಲೆ ಕಿಟಕಿಗೆ ತಲೆ ಆನಿಸಿ ಮಲಗುವುದು. ಗಾಡಿ ಯಾವುದೇ ಇರಲಿ, ಹೊರಟ ಸ್ವಲ್ಪ ಹೊತ್ತಿಗೆ ನನಗೆ ನಿದ್ರೆ ಬರುತ್ತದೆ. ಊರು ಬಂದಾಗ ಯಾರೋ ಭುಜ ಅಲುಗಾಡಿಸುತ್ತಾರೆ. ಕಣ್ಣು ಬಿಟ್ಟರೆ ಎದುರಿಗೆ ಗೋಪುರ. ದೇವರು ತಾನಾಗಿಯೇ ನನ್ನ ಬಳಿಗೆ ಬಂದ ಹಾಗೆ.

ಈ ಸುಖಕ್ಕೆ ಕುತ್ತು ತಂದವಳು ಗಿರಿಜಾ. ಹೈಸ್ಕೂಲಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ಗೆಳತಿ. ಕಮಲಾಪುರದಲ್ಲಿ ಶಿಕ್ಷಕಿಯಾಗಿದ್ದು, ನಿವೃತ್ತಿಯಾದ ಮೇಲೆ ಅಲ್ಲಿಯೇ ಒಂದು ಮನೆ ಕಟ್ಟಿಸಿದಳು. ಕಲಬುರಗಿಯಿಂದ ಕಮಲಾಪುರಕ್ಕೆ ಎಷ್ಟು ದೂರ? ಬಸ್ಸು ಹತ್ತಿ ಒಂದು ಒಳ್ಳೆಯ ಹರಟೆ ಹೊಡೆಯುವಷ್ಟರಲ್ಲಿ ಬರುತ್ತದೆ. ಆದರೂ ಅವಳ ಮಗಳ ಮದುವೆಗೆ ನಾನು ಹೋಗಿರಲಿಲ್ಲ, ಕರೆದುಕೊಂಡು ಹೋಗುವವರಿರಲಿಲ್ಲ. ಮೊಮ್ಮಗನ ತೊಟ್ಟಿಲಿಗೂ ಹೋಗಿರಲಿಲ್ಲ, ಕಾರಣ ಅದೇ. ಗೃಹಪ್ರವೇಶಕ್ಕೆ ಕರೆಯಲು ಫೋನ್ ಮಾಡಿದಾಗ ಅವಳು ನಗಲಿಲ್ಲ, ಸಿಟ್ಟೂ ಮಾಡಲಿಲ್ಲ.

"ನೋಡವ್ವ, ಈ ಸಲನೂ ಬರಲಿಲ್ಲಂದ್ರ ನಾ ಇನ್ನ ಕರೆಯೂದು ಬಿಡ್ತೀನಿ," ಎಂದಳು. "ಕರದು ಕರದು ನನಗೇ ನಾಚಿಕಿ ಬರ್ಲಾಕತ್ಯದ."

ಆ ಮಾತು ನನಗೆ ನಾಟಿತು. ರಾತ್ರಿ ಊಟದ ಹೊತ್ತಿಗೆ ನಮ್ಮ ಮನೆಯವರಿಗೆ ವಿಷಯ ಹೇಳಿದೆ. ಅವರದು ನೆಹರು ಗಂಜಿನ ಧಾನ್ಯದ ಪೇಟೆಯಲ್ಲಿ ಅಡತಿ ಅಂಗಡಿ, ರೈತರು ತಂದ ಮಾಲನ್ನು ಮಾರಿಸಿಕೊಡುವುದು. ಅದು ತೊಗರಿ ಬರುವ ಕಾಲ. ಆ ದಿನಗಳಲ್ಲಿ ಅವರು ಮನೆಗೆ ಬಂದರೂ ಮನಸ್ಸು ಚೀಲಗಳ ನಡುವೆಯೇ ಇರುತ್ತದೆ, ತಲೆಯ ಮೇಲೆ ಹೊಟ್ಟಿನ ದೂಳೂ ಇರುತ್ತದೆ. ಈ ವಾರ ಸಾಧ್ಯವೇ ಇಲ್ಲ, ಗೃಹಪ್ರವೇಶವನ್ನು ಭಾನುವಾರಕ್ಕೆ ಇಟ್ಟುಕೊಳ್ಳಲು ಆಗುವುದಿಲ್ಲವೇ ಎಂದು ಕೇಳಿದರು. ಆಗ ನನ್ನ ಬಾಯಿಂದ, ನನಗೇ ಗೊತ್ತಿಲ್ಲದಂತೆ, ಒಂದು ವಾಕ್ಯ ಹೊರಬಿತ್ತು.

"ನಾ ಒಬ್ಬಾಕೇ ಹೋಗ್ತೀನ್ರಿ."

ಅವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು. ಅಂಗಡಿಯ ಗುಮಾಸ್ತನನ್ನು ಜೊತೆಗೆ ಕಳಿಸುತ್ತೇನೆ ಎಂದರು. ಬೇಡವೆಂದೆ. ಕಾರು ಮಾಡಿಕೊಡುತ್ತೇನೆ ಎಂದರು. ಅದೂ ಬೇಡವೆಂದೆ. ಪಡಸಾಲೆಯಲ್ಲಿ ಕೂತು ಇದನ್ನೆಲ್ಲ ಕೇಳುತ್ತಿದ್ದ ನಮ್ಮ ಅತ್ತೆಯವರು ಎಂಬತ್ತರ ಹತ್ತಿರದವರು, ಮಾತು ಕಡಿಮೆ. ಅವರು ಮಗನಿಗೆ ಅಲ್ಲಿಂದಲೇ ಹೇಳಿದರು: "ಹೋಗಲಿ ಬಿಡು. ಕಮಲಾಪುರನೂ ಎಲ್ಲಿ ಓಡಿಹೋಗಂಗಿಲ್ಲ, ಈಕಿನೂ ಓಡಿಹೋಗಂಗಿಲ್ಲ." ಇದು ಬೆಂಬಲವೋ ಅವಮಾನವೋ ತಿಳಿಯಲಿಲ್ಲ. ಆದರೆ ಅಪ್ಪಣೆ ಸಿಕ್ಕಿತು.

ಸುದ್ದಿ ನಮ್ಮ ಗಾಜಿಪುರದ ಓಣಿ ದಾಟಿ ಬಂಧುಗಳವರೆಗೂ ಹೋಯಿತು. ಪರಿಚಯವಿಲ್ಲದವರು ಕೊಟ್ಟದ್ದನ್ನು ತಿನ್ನಬಾರದೆಂದು ಮೈದುನ ಫೋನಿನಲ್ಲಿ ಹೇಳಿದ. ಸರವನ್ನು ಸೆರಗಿನೊಳಗೆ ಹಾಕಿಕೊಳ್ಳಬೇಕೆಂದು ಪಕ್ಕದ ಮನೆಯವರು ಹೇಳಿದರು. ಅಕ್ಕನ ಮಗಳು ಮಾತ್ರ ಬೇರೆ ಥರದವಳು. ಒಬ್ಬಳೇ ಹಿಮಾಲಯ ಸುತ್ತುವ ಯಾವುದೋ ಹುಡುಗಿಯ ವಿಡಿಯೋ ತೋರಿಸಿ, ಚಿಕ್ಕಮ್ಮ, ಒಂಟಿ ಪ್ರಯಾಣಕ್ಕೆ ಮುಖ್ಯವಾಗಿ ಬೇಕಾದದ್ದು ಆತ್ಮವಿಶ್ವಾಸ, ಅದು ಮುಖದ ಮೇಲೆ ಕಾಣಬೇಕು ಎಂದಳು. ನಾನು ಕೋಣೆಯ ಬಾಗಿಲು ಹಾಕಿಕೊಂಡು ಕನ್ನಡಿಯ ಮುಂದೆ ಆತ್ಮವಿಶ್ವಾಸದ ಮುಖ ಮಾಡಿ ನೋಡಿದೆ. ಹಲ್ಲು ನೋಯುತ್ತಿರುವವಳ ಹಾಗೆ ಕಂಡಿತು. ಬಿಟ್ಟೆ.

ಬೆಳಿಗ್ಗೆ ಬಸ್ ನಿಲ್ದಾಣದಲ್ಲಿ ಮೊದಲ ಪೆಟ್ಟು ಬಿತ್ತು. ಎಷ್ಟು ಹುಡುಕಿದರೂ ಕಮಲಾಪುರ ಎಂದು ಬರೆದ ಬಸ್ಸಿಲ್ಲ. ಎಲ್ಲ ಬೀದರ, ಹುಮನಾಬಾದ ಎಂದೇ ಇದ್ದವು. ನಡುವಿನ ಊರುಗಳ ಹೆಸರನ್ನು ಬೋರ್ಡಿನ ಮೇಲೆ ದೊಡ್ಡದಾಗಿ ಬರೆಯುವುದಿಲ್ಲ ಎಂಬುದು ಇಷ್ಟು ವಯಸ್ಸಾದರೂ ನನಗೆ ಗೊತ್ತಿರಲಿಲ್ಲ. ಕಡೆಗೆ ಡ್ರೈವರನನ್ನು ಕೇಳಿದೆ, ಹೋಗುತ್ತದೆ ಎಂದ. ಹತ್ತುವಾಗ ಕಂಡಕ್ಟರನನ್ನು ಕೇಳಿದೆ, ಹೋಗುತ್ತದೆ ಎಂದ. ಕೂತ ಮೇಲೆ ಪಕ್ಕದವರನ್ನೂ ಕೇಳಿದೆ. ಅಷ್ಟು ಹೊತ್ತಿಗೆ ಮೊದಲಿನ ಇಬ್ಬರಿಗೂ ಕೇಳಿಸಿ, ಮೂವರೂ ಒಟ್ಟಿಗೆ ಹೋಗುತ್ತದೆ ಎಂದರು.

ಎರಡನೇ ಪೆಟ್ಟು ಟಿಕೆಟಿನದು. ಹೆಂಗಸರಿಗೆ ಬಸ್ಸು ಉಚಿತ. ಆಧಾರ್ ಕಾರ್ಡು ತೋರಿಸಬೇಕು, ಅಷ್ಟೇ. ನನ್ನ ಕಾರ್ಡು ನಮ್ಮ ಮನೆಯವರ ಪರ್ಸಿನಲ್ಲಿತ್ತು. ಕಳೆಯಬಾರದೆಂದು ಮನೆಯ ಎಲ್ಲರ ಕಾರ್ಡುಗಳನ್ನೂ ಅವರೇ ಜೋಪಾನ ಮಾಡುತ್ತಾರೆ. ನಾನು ಯಾರು ಎಂಬುದಕ್ಕೆ ಸರ್ಕಾರ ಕೊಟ್ಟ ಪುರಾವೆ ಆ ಹೊತ್ತಿನಲ್ಲಿ ಗಂಜಿನಲ್ಲಿ ತೊಗರಿ ಚೀಲದ ಪಕ್ಕ ಕೂತಿತ್ತು. ಫೋನಿನಲ್ಲಿದ್ದರೂ ನಡೆಯುತ್ತದೆ ಎಂದ ಕಂಡಕ್ಟರ್. ತೆಗೆದು ನೋಡಿದೆ. ಶುಭೋದಯದ ಗುಲಾಬಿಗಳು ಬೇಕಾದಷ್ಟಿದ್ದವು, ನಾನು ಎಲ್ಲಿಯೂ ಇರಲಿಲ್ಲ. ದುಡ್ಡು ಕೊಟ್ಟು ಟಿಕೆಟ್ ತೆಗೆದುಕೊಂಡೆ. ಬಸ್ಸಿನ ಉಳಿದ ಹೆಂಗಸರೆಲ್ಲ ಪಾಪ ಎನ್ನುವಂತೆ ನೋಡಿದರು. ಆದರೆ ನಿಜ ಹೇಳುತ್ತೇನೆ, ಆ ಚೀಟಿಯನ್ನು ಬೆರಳುಗಳ ನಡುವೆ ಹಿಡಿದು ಕೂತಾಗ ನನಗೆ ಒಂಥರ ಸಂತೋಷವೇ ಆಯಿತು. ನಾನೇ ಕೇಳಿ ನಾನೇ ತೆಗೆದುಕೊಂಡ ನನ್ನ ಮೊದಲ ಟಿಕೆಟ್ ಅದು. ಹೊರಗೆ ಕಡಿದ ತೊಗರಿಯ ಹೊಲಗಳು, ಎಳೆ ಬಿಸಿಲು, ತಣ್ಣಗಿನ ಗಾಳಿ. ಕಿಟಕಿಗೆ ತಲೆ ಆನಿಸಿದೆ.

ಮುಂದಿನದನ್ನು ನೀವು ಊಹಿಸಿರುತ್ತೀರಿ. ಕಣ್ಣು ಬಿಟ್ಟಾಗ ಬಸ್ಸು ಅರ್ಧ ಖಾಲಿ, ಪಕ್ಕದವರಿಲ್ಲ. ಕಮಲಾಪುರ ಇನ್ನೂ ಎಷ್ಟು ದೂರ ಎಂದು ಕಂಡಕ್ಟರನನ್ನು ಕೇಳಿದೆ. ಅವನು ನನ್ನನ್ನು ನೋಡಿದ ನೋಟದಲ್ಲಿ ಸಿಟ್ಟಿಗಿಂತ ದುಃಖವೇ ಹೆಚ್ಚಿತ್ತು. "ಅಕ್ಕಾರ, ಕಮಲಾಪುರ ಹೋಗಿ ಭಾಳ ಹೊತ್ತಾತಲ್ರಿ. ಎಷ್ಟು ಒದರೀನಿ ನಾ," ಎಂದ. ಮುಂದಿನ ಕ್ರಾಸಿನಲ್ಲಿ ಇಳಿಸಿ, ರಸ್ತೆಯ ಆಚೆ ಬದಿಗೆ ನಿಂತರೆ ವಾಪಸು ಹೋಗುವ ಬಸ್ಸು ಬರುತ್ತದೆ ಎಂದು ಕೈತೋರಿಸಿ ಹೋದ.

ಕ್ರಾಸೆಂದರೆ ಒಂದು ಬೇವಿನ ಮರ, ಬಾಗಿಲು ಹಾಕಿದ ಒಂದು ಚಹಾದ ಡಬ್ಬಿ ಅಂಗಡಿ, ಒಂದು ಕಲ್ಲು. ಕೈಯಲ್ಲಿ ಗಿರಿಜಾಳಿಗೆ ತಂದ ಸೀರೆಯ ಚೀಲ. ಫೋನ್ ಮಾಡಿದರೆ ನಮ್ಮ ಮನೆಯವರು ತೊಗರಿಯನ್ನೆಲ್ಲ ಬಿಟ್ಟು ಕಾರು ತಗೊಂಡು ಬಂದೇ ಬರುತ್ತಾರೆ, ಬೈಯುವುದೂ ಇಲ್ಲ. ಅದೇ ಕಷ್ಟ. ಅವರು ಬೈಯದೆ ಕರೆದುಕೊಂಡು ಹೋದರೆ ಇನ್ನು ಜನ್ಮದಲ್ಲಿ ನಾನು ಒಬ್ಬಳೇ ಹೋಗುತ್ತೇನೆ ಎನ್ನುವ ಹಾಗಿಲ್ಲ. ಇಷ್ಟು ಯೋಚಿಸುವಷ್ಟರಲ್ಲಿ ಅವರದೇ ಫೋನ್ ಬಂತು. ಹೋಗಿ ಮುಟ್ಟಿದೆಯಾ ಎಂದು ಕೇಳಿದರು. ಮುಟ್ಟಿದೆ ಎಂದೆ. ಎಲ್ಲಿಗೆ ಎಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ.

ಫೋನ್ ಇಟ್ಟು ರಸ್ತೆ ದಾಟಿದಾಗ ಮರದ ಆಚೆ ಬದಿಗೆ ಒಬ್ಬ ಹೆಂಗಸು ಕೂತದ್ದು ಕಾಣಿಸಿತು. ನನ್ನದೇ ವಯಸ್ಸು, ಹಸಿರು ಇಳಕಲ್ ಸೀರೆ, ಮಡಿಲಲ್ಲಿ ಬಟ್ಟೆ ಸುತ್ತಿದ ಡಬ್ಬಿ. ಶರಣಮ್ಮ ಎಂದು ಹೆಸರು, ಹತ್ತಿರದ ಹಳ್ಳಿಯವಳು. ಮಗಳಿಗೆ ಕಲಬುರಗಿಯ ದವಾಖಾನೆಯಲ್ಲಿ ಹಿಂದಿನ ದಿನ ಹೆರಿಗೆಯಾಗಿತ್ತು, ಗಂಡು ಕೂಸು. ಡಬ್ಬಿಯಲ್ಲಿ ಬಾಣಂತಿಗೆ ಅಂಟಿನುಂಡೆ. ಮಗ ಹೊಲದಲ್ಲಿ ತೊಗರಿ ರಾಶಿ ಮಾಡುತ್ತಿದ್ದಾನೆ, ಬಿಟ್ಟು ಬರುವ ಹಾಗಿಲ್ಲ. ಅದಕ್ಕೇ ಒಬ್ಬಳೇ ಹೊರಟಿದ್ದಾಳೆ, ಜೀವನದಲ್ಲಿ ಮೊದಲ ಸಲ. ಅವಳ ಮಗ ಹೊಲದಲ್ಲಿ, ನನ್ನ ಗಂಡ ಗಂಜಿನಲ್ಲಿ. ಒಂದೇ ತೊಗರಿ ನಮ್ಮಿಬ್ಬರನ್ನೂ ಆ ಬೇವಿನ ಮರದ ಕೆಳಗೆ ತಂದು ನಿಲ್ಲಿಸಿತ್ತು. ಎರಡು ಬಸ್ಸು ಬಂದರೂ ಅವಳು ಹತ್ತಿರಲಿಲ್ಲವಂತೆ. ಬೇರೆ ಊರಿಗೆ ಒಯ್ದರೆ ಏನು ಗತಿ ಎಂಬ ಹೆದರಿಕೆ.

"ನೀವು ಕಲತಾಕಿ ಕಾಣ್ತೀರಿ. ಧೈರ್ಯದಿಂದ ಒಬ್ಬಾಕೇ ಅಡ್ಡಾಡ್ತೀರಿ," ಎಂದಳು. "ನನ್ನ ಸಂಗಾಟ ದವಾಖಾನಿತನ ಬರ್ತೀರೇನ್ರಿ? ನನಗ ಕೇಳಲಾಕ ಬರಂಗಿಲ್ಲ. ನಗ್ತಾರ ಮಂದಿ."

ಧೈರ್ಯದಿಂದ ಒಬ್ಬಳೇ ಅಡ್ಡಾಡುವವಳು! ಯಾರೂ ನನಗೆ ಆ ಮಾತು ಹೇಳಿರಲಿಲ್ಲ. ಆ ಸಂಭ್ರಮದಲ್ಲಿ ಬರುತ್ತೇನೆ ಎಂದೇ ಬಿಟ್ಟೆ. ಬಸ್ಸು ಬಂತು, ನಾನೇ ಮುಂದಾಗಿ ಕೇಳಿದೆ, ನಾನೇ ಅವಳನ್ನು ಹತ್ತಿಸಿದೆ, ನಾನೇ ಜಾಗ ಹಿಡಿದೆ. ಅವಳು ನನ್ನ ಸೆರಗಿನ ತುದಿ ಹಿಡಿದುಕೊಂಡು ನೆಮ್ಮದಿಯಾಗಿ ಕೂತಳು. ಸ್ವಲ್ಪ ಹೊತ್ತಿಗೆ ಅವಳ ತಲೆ ಕಿಟಕಿಗೆ ಒರಗಿತು, ಕಣ್ಣು ಮುಚ್ಚಿದವು.

ಆ ಮುಖ ನೋಡಿ ನನಗೆ ಹೇಗೋ ಆಯಿತು. ಇಷ್ಟು ಹೊತ್ತು ಮರದ ಕೆಳಗೆ ಹೆದರಿಕೊಂಡಾದರೂ ಕಣ್ಣರಳಿಸಿ ಕೂತಿದ್ದವಳನ್ನು ನಾನು ಬಂದು ಮಲಗಿಸಿಬಿಟ್ಟಿದ್ದೆ. ದವಾಖಾನೆಯವರೆಗೆ ಬಿಟ್ಟು ಬಂದರೆ ಪುಣ್ಯ ಬರಬಹುದು. ಆದರೆ ನಾಳೆ ಮಗಳಿಗೆ ಗಂಜಿ ಒಯ್ಯಲು ಇವಳು ಮತ್ತೆ ಯಾರ ಸೆರಗು ಹುಡುಕಬೇಕು? ಇತ್ತ ಗಿರಿಜಾಳ ಮನೆ ಈ ಸಲವೂ ತಪ್ಪುತ್ತದೆ. ಅವಳ ಭುಜ ಅಲುಗಾಡಿಸಿ ಎಬ್ಬಿಸಿದೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

"ಶರಣಮ್ಮ, ನಾ ಧೈರ್ಯದಾಕಿ ಅಲ್ಲ. ನಾನೂ ಇವತ್ತೇ ಮೊದಲನೇ ಸಲ ಒಬ್ಬಾಕಿ ಬಂದೀನಿ. ಕಮಲಾಪುರಕ್ಕ ಇಳಿಯೂದು ಬಿಟ್ಟು ಮಲಕೊಂಡು ನಿಮ್ಮ ಊರಿನ ಕ್ರಾಸಿಗಿ ಬಂದೀನಿ. ಕಂಡಕ್ಟರ್ ಒದರಿದ್ದೂ ಕೇಳಿಲ್ಲ."

ಅವಳು ಸೆರಗನ್ನು ಬಾಯಿಗೆ ಇಟ್ಟುಕೊಂಡು ನಗತೊಡಗಿದಳು. ನಗು ನಿಲ್ಲಲೇ ಇಲ್ಲ. ನನಗೂ ಬಂತು. ಹಿಂದಿನ ಸೀಟಿನವರು ನಮ್ಮಿಬ್ಬರನ್ನೂ ಅಕ್ಕತಂಗಿಯರು ಎಂದುಕೊಂಡಿರಬೇಕು. ನಕ್ಕು ಮುಗಿಸಿ ಅವಳು ಕಣ್ಣೊರೆಸಿಕೊಂಡಳು. "ನಿಮ್ಮಂಥಾಕಿನೇ ಹಿಂಗಂದ್ರ, ನಂದೇನು ಹೋಗ್ತದ ಬಿಡ್ರಿ," ಎಂದು, ಕಂಡಕ್ಟರನನ್ನು ಬಸ್ಸಿಗೆಲ್ಲ ಕೇಳುವ ಹಾಗೆ ಕೂಗಿ ಕರೆದಳು. ಕಲಬುರಗಿಯಲ್ಲಿ ಇಳಿದು ದವಾಖಾನೆಗೆ ಯಾವ ಕಡೆ ಹೋಗಬೇಕು, ಆಟೋದವನಿಗೆ ಏನೆಂದು ಹೇಳಬೇಕು, ಎಲ್ಲ ವಿಚಾರಿಸಿದಳು. ಯಾರೂ ನಗಲಿಲ್ಲ. ಅದೇ ದವಾಖಾನೆಗೆ ಹೊರಟಿದ್ದ ಒಬ್ಬ ಅಜ್ಜಿ ಮುಂದಿನ ಸೀಟಿನಿಂದ ತಿರುಗಿ, ಯಾವ ವಾರ್ಡು ಎಂದು ಕೇಳಿದಳು. ಕಮಲಾಪುರ ಬಂದಾಗ ಶರಣಮ್ಮ ನನಗೆ ಒಂದು ಅಂಟಿನುಂಡೆ ಕೊಟ್ಟು, ಇಳಿಯಿರಿ, ಇದೇ ನಿಮ್ಮ ಊರು ಎಂದಳು. ಮೈದುನನ ಮಾತು ನೆನಪಾಗುವುದರೊಳಗೆ ಉಂಡೆ ಅರ್ಧ ಮುಗಿದಿತ್ತು.

ಗಿರಿಜಾ ಬಾಗಿಲಲ್ಲೇ ನಿಂತಿದ್ದಳು. ಪೂಜೆ ಮುಗಿದು ಎರಡನೇ ಪಂಕ್ತಿ ಏಳುತ್ತಿತ್ತು. ನನ್ನ ಹಿಂದೆ ಯಾರಾದರೂ ಬರುತ್ತಿದ್ದಾರೆಯೇ ಎಂದು ಅವಳು ಓಣಿಯ ತುದಿಯವರೆಗೂ ನೋಡಿದಳು. ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ ನನ್ನ ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು. ಅಡಿಗೆಮನೆ, ದೇವರಮನೆ, ಮಾಳಿಗೆ ಎಲ್ಲ ತೋರಿಸುವವರೆಗೂ ಆ ಕೈ ಬಿಡಲಿಲ್ಲ. ಹುಗ್ಗಿ ಬಡಿಸಿದಳು, ಆ ಊರಿನ ಹೆಸರಾಂತ ಕೆಂಪು ಬಾಳೆಹಣ್ಣು ಕೊಟ್ಟಳು. ತಡವಾದದ್ದೇಕೆ ಎಂದು ಕೇಳಿದಾಗ ಎಲ್ಲ ಹೇಳಿದೆ. ಹುಗ್ಗಿಯ ಸೌಟು ಹಿಡಿದೇ ಅವಳು ನಕ್ಕಳು, ನಗುವಿನಲ್ಲೇ ಸ್ವಲ್ಪ ಅತ್ತಳು. ಸಂಜೆ ವಾಪಸು ಬರುವಾಗ ನಾನು ಇಡೀ ದಾರಿ ನಿಂತುಕೊಂಡೇ ಬಂದೆ. ಸೀಟು ಖಾಲಿ ಇತ್ತು, ಆದರೆ ನನ್ನ ಮೇಲೆ ನನಗೆ ಅಷ್ಟು ನಂಬಿಕೆ ಇನ್ನೂ ಬಂದಿರಲಿಲ್ಲ.

ಇದಾದ ಮೇಲೆ ನಮ್ಮ ಓಣಿಯಲ್ಲಿ ನನಗೊಂದು ಸ್ಥಾನ ಸಿಕ್ಕಿತು. ಹೆಂಗಸರು ಸೇರಿದಲ್ಲಿ ನಾನು ಒಂಟಿ ಪ್ರಯಾಣದ ಬಗ್ಗೆ ಭಾಷಣ ಮಾಡುತ್ತೇನೆ. ದಾರಿ ಗೊತ್ತಿರಬೇಕಾಗಿಲ್ಲ, ಗೊತ್ತಿಲ್ಲ ಎನ್ನಲು ನಾಚಿಕೆ ಇರಬಾರದು, ಅಷ್ಟೇ ಸಾಕು ಎನ್ನುತ್ತೇನೆ. ಇನ್ನೊಬ್ಬರನ್ನು ಅವರ ಪಾಡಿಗೆ ಹೋಗಲು ಬಿಡಬೇಕು ಎಂದೂ ಸೇರಿಸುತ್ತೇನೆ. ಮುಂದಿನ ತಿಂಗಳು ವಿಜಯಪುರಕ್ಕೆ ಹೊರಟಿದ್ದೇನೆ, ಇದೂ ಒಬ್ಬಳೇ. ನಮ್ಮ ಮನೆಯವರು ಈಗ ಗುಮಾಸ್ತನ ಹೆಸರೆತ್ತುವುದಿಲ್ಲ.

ಈ ಭಾಷಣಗಳನ್ನು ಪಡಸಾಲೆಯಿಂದ ಕೇಳಿಸಿಕೊಳ್ಳುತ್ತಿದ್ದ ಅತ್ತೆಯವರು ಹೋದ ವಾರ ಒಂದು ಬೆಳಿಗ್ಗೆ ಸೀರೆ ಉಟ್ಟು, ಕೋಲು ಹಿಡಿದು, ಕೋಟನೂರಿನಲ್ಲಿರುವ ತಂಗಿಯನ್ನು ನೋಡಿ ಬರುತ್ತೇನೆ, ಸಿಟಿ ಬಸ್ಸಿಗೆ ಹೋಗುತ್ತೇನೆ ಎಂದರು. ನಾನೂ ಬರುತ್ತೇನೆ ಎಂದೆ. ಬೇಡವೆಂದರು. ಆಟೋ ಕರೆಸುತ್ತೇನೆ ಎಂದೆ. ಬೇಡವೆಂದರು. ಬಸ್ ಸ್ಟಾಪಿನವರೆಗೆ ಮಾತ್ರ ಎಂದು ಹಿಂದೆ ಹೋದೆ. ಬಸ್ಸು ಬಂತು, ಅವರು ನಿಧಾನವಾಗಿ ಹತ್ತಿದರು. ಸೀಟು ಸಿಕ್ಕಿತೋ ಇಲ್ಲವೋ ನೋಡೋಣವೆಂದು ನಾನೂ ಒಂದು ಕಾಲು ಇಟ್ಟೆ, ಆಮೇಲೆ ಇನ್ನೊಂದು. ಕೋಟನೂರಿನಲ್ಲಿ ಜೋಪಾನವಾಗಿ ಇಳಿಸಿ ಎಂದು ಕಂಡಕ್ಟರನಿಗೆ ಹೇಳುತ್ತಿರುವಾಗಲೇ ಬಸ್ಸು ಹೊರಟುಬಿಟ್ಟಿತು. ಅತ್ತೆಯವರು ಸೀಟಿನಲ್ಲಿ ಸರಿಯಾಗಿ ಕೂತು, ಕೋಲನ್ನು ಪಕ್ಕಕ್ಕೆ ಇಟ್ಟು, ಕಂಡಕ್ಟರನನ್ನು ಹತ್ತಿರ ಕರೆದರು.

"ಈಕಿ ನಮ್ಮ ಸೊಸಿ," ಎಂದರು. "ಮುಂದಿನ ಸ್ಟಾಪಿಗಿ ಇಳಸಪ್ಪ. ಒಬ್ಬಾಕೇ ಮನಿಗಿ ಹೋಗ್ತಾಳ. ಈಗೀಗ ರೂಢಿ ಆಗ್ಯದ."