ಐವತ್ತು ನಿಮಿಷದ ಸಿಂಗಪುರ

ಬೇರೆಯವರು ಅಚ್ಚುಕಟ್ಟಾಗಿ ಮುಗಿಸಿಟ್ಟ ಕೆಲಸವನ್ನು ನೋಡಿ ‘ಚೆನ್ನಾಗಿದೆ’ ಎಂದು ಸುಮ್ಮನಿರುವುದು ಕೆಲವರ ಕೈಲಾಗುವುದಿಲ್ಲ. ಸಾರಿನಲ್ಲಿ ಉಪ್ಪು ಹದವಾಗಿದ್ದರೂ ಅವರು ಇನ್ನೊಂದು ಚಿಟಿಕೆ ಉದುರಿಸಲೇಬೇಕು. ಗೋಡೆಯ ಮೇಲೆ ನೆಟ್ಟಗೆ ನೇತಾಡುತ್ತಿರುವ ಕ್ಯಾಲೆಂಡರನ್ನು ಮುಟ್ಟಿ ಸೊಟ್ಟ ಮಾಡಿದರೇ ಅವರಿಗೆ ಸಮಾಧಾನ. ನಾನು ಆ ಪೈಕಿಯವನು. ವಯಸ್ಸು ಎಪ್ಪತ್ತು ದಾಟಿದರೂ ಚಟ ಹೋಗಿಲ್ಲ. ಈ ಚಟದಿಂದ ಮಾಡಿದ ತಪ್ಪುಗಳನ್ನೆಲ್ಲ ಹೇಳುತ್ತಾ ಕುಳಿತರೆ ನಿಮಗೂ ಬೇಸರ, ನನಗೂ ಅವಮಾನ. ಒಂದನ್ನು ಮಾತ್ರ ಒಪ್ಪಿಸಿಬಿಡುತ್ತೇನೆ.

ನನ್ನ ಹೆಂಡತಿ ಗಂಗಾಂಬಿಕೆ ಕುಣಿಗಲ್ಲಿನ ಶಾಲೆಯಲ್ಲಿ ಮೂವತ್ತು ವರ್ಷ ಸಮಾಜ ಪಾಠ ಹೇಳಿದವಳು. ಐಸ್‌ಕ್ಯಾಂಡಿ ಬಿಟ್ಟರೆ ಬೇರೆ ಮಂಜುಗಡ್ಡೆಯನ್ನೇ ಕಾಣದ ಮಕ್ಕಳಿಗೆ ವರ್ಷ ವರ್ಷವೂ ಹಿಮನದಿಯೆಂದರೇನು ಎಂದು ವಿವರಿಸಿದವಳು. ಅವಳೂ ಅದನ್ನು ಕಂಡವಳಲ್ಲ. ನಿವೃತ್ತಿಯಾಗಿ ತುಮಕೂರಿನ ಮನೆಯಲ್ಲಿ ಕುಳಿತ ಮೇಲೆ ಒಂದು ದಿನ ಅವರೆಕಾಯಿ ಸುಲಿಯುತ್ತಾ, “ರೀ, ಬರೋ ಡಿಸೆಂಬರಲ್ಲಿ ನ್ಯೂಜಿಲೆಂಡಿಗೆ ಹೋಗೋಣ” ಅಂದಳು. ಹೊಸ ಶತಮಾನ ಶುರುವಾಗಿ ಮೂರ್ನಾಲ್ಕು ವರ್ಷವಾಗಿತ್ತು.

“ಧರ್ಮಸ್ಥಳಕ್ಕೆ ಹೋಗಿ ಬಂದ್ರೆ ಸಾಲ್ದೇನೇ?” ಅಂದೆ.

“ಅಲ್ಲಿ ಹಿಮನದಿ ಇದ್ಯಾ?”

ಇಲ್ಲವೆಂದು ಒಪ್ಪಿಕೊಳ್ಳಬೇಕಾಯಿತು. ಆಮೇಲೆ ಅವಳು ನಡೆಸಿದ ಸಿದ್ಧತೆಯನ್ನು ನೋಡಿ ನಾನು ಬೆರಗಾದೆ. ಗೆರೆ ಹೊಡೆದ ನೋಟ್ ಪುಸ್ತಕದಲ್ಲಿ ಮೂರು ಸಾಲು: ನಮ್ಮ ಗಂಟೆ, ಸಿಂಗಪುರದ ಗಂಟೆ, ನ್ಯೂಜಿಲೆಂಡಿನ ಗಂಟೆ. ಹಳೆಯ ಭೂಗೋಳದ ಮೇಲೆ ಹೂ ಕಟ್ಟುವ ದಾರ ಎಳೆದು, ವಿಮಾನ ಯಾವ ದೇಶದ ನೆತ್ತಿಯ ಮೇಲೆ ಹೋಗುತ್ತದೆಂದು ನನಗೆ ತೋರಿಸಿದಳು. ಎಡಗೈಗೊಂದು ಬಲಗೈಗೊಂದು ಗಡಿಯಾರ ಕಟ್ಟಿಕೊಂಡು, “ಈಗ ಅಲ್ಲಿ ಮಧ್ಯಾಹ್ನದ ಊಟ ಮುಗಿದಿದೆ, ನೀವಿನ್ನೂ ಹಲ್ಲುಜ್ಜಿಲ್ಲ” ಎಂದು ನನ್ನನ್ನು ಎಬ್ಬಿಸುತ್ತಿದ್ದಳು. ನನ್ನ ರಕ್ತದೊತ್ತಡದ ಮಾತ್ರೆಯನ್ನು ಯಾವ ದೇಶದ ಆಕಾಶದಲ್ಲಿ ನುಂಗಬೇಕೆಂಬುದೂ ಆ ಪುಸ್ತಕದಲ್ಲಿತ್ತು. ಒಂದು ಸಚಿವಾಲಯ ನಡೆಸಬಲ್ಲ ಹೆಂಗಸು ನನ್ನಂಥವನಿಗೆ ಉಪ್ಪಿಟ್ಟು ಮಾಡಿಕೊಂಡು ಇಷ್ಟು ವರ್ಷ ಕಳೆದಳಲ್ಲ ಎಂದು ನಿಜವಾಗಿಯೂ ಅನ್ನಿಸಿತು.

ಆದರೆ ಅದರಲ್ಲೊಂದು ಸಾಲು ನನ್ನ ಕಣ್ಣಿಗೆ ಚುಚ್ಚಿತು. ಸಿಂಗಪುರದಲ್ಲಿ ಇಳಿದು ಮುಂದಿನ ವಿಮಾನಕ್ಕೆ ಒಂಬತ್ತೂವರೆ ಗಂಟೆ ಕಾಯುವುದು! ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಗುಬ್ಬಿಯ ಖಾಸಗಿ ಬಸ್ ನಿಲ್ದಾಣದಲ್ಲಿ ಟೈಮ್‌ಕೀಪರ್ ಆಗಿದ್ದವನು. ತುಮಕೂರಿನ ಬಸ್ಸು ಬಂದು ಅದರ ಜನ ಹತ್ತುವವರೆಗೆ ಚೇಳೂರಿನ ಬಸ್ಸನ್ನು ಬಿಡುತ್ತಿರಲಿಲ್ಲ. “ಇನ್ನೆಷ್ಟ್ ಹೊತ್ ಸಾಮಿ?” ಎಂದು ಡ್ರೈವರ್ ಹಾರನ್ ಒತ್ತಿದರೆ, “ಬರ್ತಾವ್ರೆ ಇರ್ಲಾ, ಪಾಪ ಬಾಣಂತಿ ಅವ್ಳೆ” ಎನ್ನುತ್ತಿದ್ದೆ. ಬಾಣಂತಿ ಇಲ್ಲದಿದ್ದರೂ ಎನ್ನುತ್ತಿದ್ದೆ. ಹೀಗೆ ಒಂದಿಡೀ ಆಯುಷ್ಯ ಬಸ್ಸು ನಿಲ್ಲಿಸಿದವನ ಹೆಂಡತಿ ಒಂಬತ್ತೂವರೆ ಗಂಟೆ ಕಾಯುವುದೇ?

ಅವಳಿಗೆ ಹೇಳದೆ ನಯಾಜನ ಅಂಗಡಿಗೆ ಹೋದೆ. ಎಂ.ಜಿ. ರಸ್ತೆಯಲ್ಲಿ ಮೆಕ್ಕಾದ ಉಮ್ರಾ ಯಾತ್ರೆಗೆ ಹೋಗುವವರಿಗೆ, ಗಲ್ಫ್‌ಗೆ ಹೋಗುವವರಿಗೆ ಟಿಕೆಟ್ ಮಾಡಿಸಿಕೊಡುವವನು ಅವನು; ಗಂಗಾಂಬಿಕೆ ನಮ್ಮಿಬ್ಬರ ಸೀಟನ್ನು ಕಾದಿರಿಸಿದ್ದೂ ಅವನಲ್ಲೇ. ಬೇರೊಂದು ಕಂಪನಿಯ ವಿಮಾನದಲ್ಲಿ ಹೋದರೆ ಸಿಂಗಪುರದಲ್ಲಿ ಐವತ್ತೇ ನಿಮಿಷ ಎಂದು ಅವನ ಬಾಯಿಂದಲೇ ಹೊರಡಿಸಿದೆ.

“ಬೇಡ ಸಾರ್, ಡೇಂಜರ್. ಎರಡೂ ಬೇರೆ ಬೇರೆ ಟಿಕೆಟ್. ಲಗೇಜ್ ತಗೊಂಡು ಹೊರಗ್ ಬಂದು ಮತ್ತೆ ಲೈನಲ್ಲಿ ನಿಲ್ಬೇಕು. ತಪ್ಪೋದ್ರೆ ಟಿಕೆಟ್ ವೇಸ್ಟು. ಮುಂದಿನ ಫ್ಲೈಟಲ್ಲಿ ಸೀಟ್ ಸಿಗೋಕೆ ಎಷ್ಟ್ ದಿನ ಆಗುತ್ತೋ.”

“ಇಬ್ರು ಪ್ಯಾಸೆಂಜರ್ ಓಡ್ಬರೋದು ಕಂಡ್ರೆ ಬಿಟ್ಟೋಗ್ತಾರೇನಪ್ಪ? ಅವ್ರೂ ಮನುಷ್ಯರೇ.”

“ಮೇಡಂ ಒಪ್ಪಿದ್ರಾ ಸಾರ್?”

ಇಲ್ಲಿ ನಾನು ಸುಳ್ಳು ಹೇಳಿದೆ. “ಅವಳೇ ಕಳಿಸಿದ್ದು” ಅಂದೆ. ಅವನು ಕೊಟ್ಟ ಬದಲಾವಣೆಯ ಚೀಟಿಗೆ ಠೀವಿಯಿಂದ ಸಹಿಯನ್ನೂ ಹಾಕಿದೆ.

ಟಿಕೆಟ್ ತರಲು ಇಬ್ಬರೂ ಹೋದೆವು. ಗಂಗಾಂಬಿಕೆ ಟಿಕೆಟನ್ನು ಉತ್ತರ ಪತ್ರಿಕೆ ತಿದ್ದುವಂತೆ ಸಾಲು ಸಾಲಾಗಿ ಓದಿದಳು. ಎರಡನೆಯ ಹಾಳೆಯಲ್ಲಿ ಅವಳ ಬೆರಳು ನಿಂತಿತು.

“ಏನಪ್ಪಾ ನಯಾಜ್ ಇದು? ಐವತ್ತು ನಿಮಿಷ? ನಾವೇನು ಓಟದ ಪಂದ್ಯಕ್ಕೆ ಹೋಗ್ತಿದೀವಾ? ಇದು ತಪ್ಪಿದ್ರೆ ನಾನು ಹಿಮನದಿ ನೋಡಿದ ಹಾಗೇ! ನಿನ್ನ ನಂಬಿದ್ದೆನಲ್ಲಪ್ಪಾ.”

ಅಂಗಡಿಯಲ್ಲಿ ನಾಲ್ಕೈದು ಜನ ಗಿರಾಕಿಗಳಿದ್ದರು. ನಯಾಜ್ ಒಂದು ಸಲ ನನ್ನತ್ತ ನೋಡಿದ. ನಾನು ಗೋಡೆಯ ಮೇಲಿದ್ದ ವಿಮಾನದ ಚಿತ್ರವನ್ನು, ಜನ್ಮದಲ್ಲಿ ವಿಮಾನವನ್ನೇ ಕಾಣದವನ ಹಾಗೆ ನೋಡುತ್ತಾ ನಿಂತೆ. ಅವನು ತಲೆ ತಗ್ಗಿಸಿ, “ನನ್ದೇ ಮಿಸ್ಟೇಕು ಮೇಡಂ. ಸರಿ ಮಾಡಿಸ್ತೀನಿ” ಅಂದ.

ಹಳೆಯ ಸೀಟುಗಳು ಆಗಲೇ ಬೇರೆಯವರ ಪಾಲಾಗಿದ್ದವು. ನಯಾಜ್ ಹದಿನೇಳು ದಿನ ಫೋನಿನ ಮೇಲೆ ಫೋನು ಮಾಡಿದ. ಎರಡು ಸಲ ಬೆಂಗಳೂರಿಗೆ ಹೋಗಿ ಕುಳಿತ. ಗಂಗಾಂಬಿಕೆ ಆ ಹದಿನೇಳು ದಿನವೂ ನೋಟ್ ಪುಸ್ತಕ ತೆರೆಯಲಿಲ್ಲ, ಒಂದೇ ಗಡಿಯಾರ ಕಟ್ಟಿದಳು. ನಾನು ಎದುರಿಗೆ ಕುಳಿತು ಉಣ್ಣುತ್ತಿದ್ದೆನೇ ಹೊರತು ತಪ್ಪು ನನ್ನದೆಂದು ಒಪ್ಪಿಕೊಳ್ಳಲಿಲ್ಲ. ಕೊನೆಗೆ ಮೊದಲಿನ ವಿಮಾನದಲ್ಲೇ ಸೀಟು ಸಿಕ್ಕಿತು.

ಸಿಂಗಪುರದ ನಿಲ್ದಾಣ ನಮ್ಮ ಗುಬ್ಬಿ ಪಟ್ಟಣಕ್ಕಿಂತ ದೊಡ್ಡದು. ಶೌಚಾಲಯಕ್ಕೆಂದು ಹೋದ ನನಗೆ ದಾರಿ ತಪ್ಪಿ, ನೆಲವೇ ನಡೆಯುವ ಪಟ್ಟಿಗಳ ಮೇಲೆ ಅತ್ತಿತ್ತ ಸಾಗಿ, ಹೆಂಡತಿಯ ಬಳಿಗೆ ಬರಲು ಒಂದೂಕಾಲು ಗಂಟೆ ಹಿಡಿಯಿತು. ಅವಳು ಊದಿದ ಕಾಲುಗಳನ್ನು ಬ್ಯಾಗಿನ ಮೇಲಿಟ್ಟು ಚಕ್ಕುಲಿ ತಿನ್ನುತ್ತಿದ್ದಳು. ಪಕ್ಕದಲ್ಲಿ ಕುಸಿದು ಕುಳಿತು ಎಲ್ಲವನ್ನೂ ಹೇಳಿಬಿಟ್ಟೆ.

“ಗೊತ್ತು ಕಣ್ರೀ” ಅಂದಳು. “ಎರಡು ದಿನ ಬಿಟ್ಟು ಅಂಗಡಿಗೆ ಹೋಗಿದ್ದೆ. ನಯಾಜ್ ಬಾಯಿ ಬಿಡ್ಲಿಲ್ಲ. ಫೈಲಲ್ಲಿ ನಿಮ್ಮ ಸಹಿ ಇತ್ತು. ನಾನು ಅವನ ಕ್ಷಮೆ ಕೇಳ್ಕೊಂಡು ಬಂದೆ. ನೀವು ಕೇಳೋದು ನಿಮಗೆ ಬಿಟ್ಟಿದ್ದು.” ಚಕ್ಕುಲಿ ಡಬ್ಬ ನನ್ನ ಕಡೆ ತಳ್ಳಿದಳು.

ನ್ಯೂಜಿಲೆಂಡಿನಲ್ಲಿ ಹಿಮನದಿಯ ಮುಂದೆ ನಿಂತು ಅವಳು ಕೈಗವಸು ತೆಗೆದು ಮಂಜುಗಡ್ಡೆಯನ್ನು ಮುಟ್ಟಿದಳು. “ನೀಲಿ ಇದೆ ಕಣ್ರೀ. ಮೂವತ್ತು ವರ್ಷ ಮಕ್ಕಳಿಗೆ ಬಿಳಿ ಅಂತ ಹೇಳ್ಕೊಟ್ಟೆನಲ್ಲ” ಅಂದಳು. ಊರಿಗೆ ಬಂದ ವಾರದಲ್ಲೇ ಕುಣಿಗಲ್ಲಿಗೆ ಹೋಗಿ, ಶಾಲೆಯ ಅಪ್ಪಣೆ ಪಡೆದು, ತರಗತಿಯ ಮುಂದೆ ನಿಂತು ಬಣ್ಣವನ್ನು ತಿದ್ದಿ ಬಂದಳು. ಒಂದು ಬಣ್ಣಕ್ಕಾಗಿ ಅಷ್ಟು ದೂರ ಬಸ್ಸಿನಲ್ಲಿ ಹೋಗಿಬಂದ ಹೆಂಗಸಿನ ಮನೆಯಲ್ಲಿ ನಾನು ಇನ್ನೆಷ್ಟು ದಿನ ತಲೆ ಎತ್ತಿಕೊಂಡು ಓಡಾಡಲಿ?

ನಯಾಜನ ಅಂಗಡಿಯ ಬಾಗಿಲವರೆಗೆ ಮೂರು ಸಲ ಹೋಗಿ, ಜನ ಹೆಚ್ಚಿದ್ದಾರೆಂದು ಹಿಂತಿರುಗಿದೆ. ನಾಲ್ಕನೆಯ ಸಲ ಇನ್ನೂ ಹೆಚ್ಚು ಜನರಿದ್ದರು. ಒಳಗೆ ಹೋಗಿ ಗಟ್ಟಿಯಾಗಿಯೇ ಹೇಳಿದೆ: “ನಯಾಜ್, ಅವತ್ತು ಸುಳ್ಳು ಹೇಳಿದ್ದು ನಾನು. ಬೈಸ್ಕೊಂಡಿದ್ದು ನೀನು. ತಪ್ಪಾಯ್ತು ಕಣಪ್ಪ.”

ಅವನು ಎದ್ದು ಬಂದು ನನ್ನ ಎರಡೂ ಕೈ ಹಿಡಿದ. “ಬಿಡಿ ಸಾರ್, ನಮ್ ಅಬ್ಬಾ ಆಗಿದ್ರೆ ನಾನು ಬಿಟ್ಕೊಡ್ತಿದ್ನಾ?” ಎಂದು, ತಂದೆಯನ್ನು ಕೂರಿಸುವ ಹಾಗೆ ಕೂರಿಸಿ ಚಹಾ ತರಿಸಿದ. ನನ್ನ ಕಣ್ಣು ತುಂಬಿ ಬಂತು. ಎದೆಯ ಭಾರ ಇಳಿದು, ಇನ್ನು ಮೇಲೆ ಹೊಸ ಮನುಷ್ಯನಾದೆ ಎನ್ನಿಸಿತು. ಪಕ್ಕದಲ್ಲಿ ಉಮ್ರಾಗೆ ಹೊರಟಿದ್ದ ಊರ್ಡಿಗೆರೆಯ ಹಿರಿಯರೊಬ್ಬರು ತಮ್ಮ ಪ್ರಯಾಣದ ಹಾಳೆಯನ್ನು ಬಿಡಿಸಿಕೊಂಡು ಕುಳಿತಿದ್ದರು. ಸುಮ್ಮನೆ ಒಮ್ಮೆ ಇಣುಕಿದೆ, ಅಷ್ಟೇ.

“ಸಾಹೇಬ್ರೇ, ದುಬೈನಲ್ಲಿ ಆರು ಗಂಟೆ ಯಾಕೆ ಕಾಯ್ತೀರಿ? ಇಲ್ಲಿ ಕೊಡಿ, ನೋಡೋಣ” ಎಂದು ಮೇಜಿನ ಮೇಲಿದ್ದ ಪೆನ್ನು ಹಿಡಿದು ಹಾಳೆಯನ್ನು ನನ್ನ ಕಡೆ ಎಳೆದುಕೊಂಡಿದ್ದೆ. ಚಹಾ ಇನ್ನೂ ಆರಿರಲಿಲ್ಲ. ನಯಾಜ್ ನನ್ನ ಕೈಯಲ್ಲಿದ್ದ ಪೆನ್ನನ್ನು ಮೆಲ್ಲಗೆ ತೆಗೆದು ತನ್ನ ಜೇಬಿಗೆ ಸಿಕ್ಕಿಸಿಕೊಂಡ.